ಕಾಡುಪ್ರಾಣಿ ಗಾಡಿಗೆ ಅಡ್ಡ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ: ಸಮಗ್ರ ಮಾರ್ಗದರ್ಶಿ

"ಸ್ವಲ್ಪದರಲ್ಲಿ ತಪ್ಪಿತು" ಅನ್ನೋರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಜಿಂಕೆ ದಿಢೀರ್ ಅಂತ ಬಂತು, ಸ್ಟಿಯರಿಂಗ್ ಎಳೆದೆ, ಗಾಡಿ ರೋಡ್ ಬಿಟ್ಟು ಇಳೀತು, ದೇವರು ದೊಡ್ಡವನು ಮರಕ್ಕೆ ಹೊಡೀಲಿಲ್ಲ. ಬ್ರೇಕ್ ಯಾವಾಗ ಒತ್ತಿದ್ರಿ ಅಂತ ಕೇಳಿದ್ರೆ ನೆನಪಿರಲ್ಲ. ಪ್ರಾಣಿ ಬದುಕ್ತು, ನಾವೂ ಬದುಕಿದ್ವಿ ಅಂತ ಅಲ್ಲಿಗೇ ಬಿಟ್ಟುಬಿಡ್ತಾರೆ, ಮುಂದಿನ ಸಲ ಮತ್ತೆ ಕೈ ಅದೇ ಕೆಲಸ ಮಾಡುತ್ತೆ.

ಇಲ್ಲಿ ಜನ ಎಡವೋದು ಧೈರ್ಯ ಸಾಲದೆ ಅಲ್ಲ, ಆರ್ಡರ್ ತಪ್ಪಿ. ಪ್ರಾಣಿ ಕಂಡ ಮೇಲೆ ಯೋಚನೆ ಮಾಡೋಕೆ ಟೈಮೇ ಇರಲ್ಲ, ಕಾಲು ಒಂದು ಕೆಲಸ ಮಾಡುತ್ತೆ ಕೈ ಒಂದು ಕೆಲಸ ಮಾಡುತ್ತೆ, ಆ ಎರಡೂ ಏನು ಮಾಡ್ಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರ್ಬೇಕು. ಅದಕ್ಕೇ ಈ ಗೈಡ್‌ನಲ್ಲಿ ಅರ್ಧಕ್ಕರ್ಧ ಪ್ರಾಣಿ ಕಾಣೋಕೆ ಮುಂಚಿನ ವಿಷಯವೇ ಇದೆ. ಆ ಭಾಗ ಹಾರಿಸಿ ನೇರ 4ನೇ ಹಂತಕ್ಕೆ ಹೋಗ್ಬೇಡಿ ಪ್ಲೀಸ್.

ಹಂತ 1: ಹೊರಡೋ ಮುಂಚೆ ಗಾಡಿಯಲ್ಲಿ ನೋಡ್ಬೇಕಾದ್ದು

ಮೊದಲು ಗಾಜು. ಹೊರಗಡೆ ಎಲ್ಲರೂ ಒರೆಸ್ತಾರೆ, ಒಳಗಡೆ ಯಾರೂ ಒರೆಸಲ್ಲ. ವಿಂಡ್‌ಶೀಲ್ಡ್ ಒಳಭಾಗದಲ್ಲಿ ತೆಳ್ಳಗೆ ಒಂದು ಎಣ್ಣೆ ಪದರ ಕೂತಿರುತ್ತೆ, ಹಗಲಲ್ಲಿ ಗೊತ್ತಾಗಲ್ಲ, ರಾತ್ರಿ ಎದುರಿನ ಗಾಡಿ ಲೈಟ್ ಬಿದ್ದ ತಕ್ಷಣ ಗಾಜೆಲ್ಲ ಬೆಳ್ಳಗಾಗಿ ಹಿಂದೆ ನಿಂತಿರೋ ಪ್ರಾಣಿ ಮಾಯ ಆಗಿಬಿಡುತ್ತೆ. ಒಣ ಬಟ್ಟೆಯಲ್ಲಿ ಒಂದು ಸಲ, ಒದ್ದೆ ಬಟ್ಟೆಯಲ್ಲಿ ಒಂದು ಸಲ, ಮತ್ತೆ ಒಣ ಬಟ್ಟೆ. ಬೈಕ್‌ನೋರು ಹೆಲ್ಮೆಟ್ ವೈಸರ್‌ಗೂ ಇದೇ ಮಾಡಿ, ಗೀರು ಜಾಸ್ತಿ ಆಗಿದ್ರೆ ಬದಲಾಯಿಸಿ.

ಎರಡನೇದು ಹೆಡ್‌ಲೈಟ್. ಪ್ಲಾಸ್ಟಿಕ್ ಕವರ್ ಹಳದಿ ಆಗಿದ್ರೆ ಬಲ್ಬ್ ಎಷ್ಟೇ ಪವರ್‌ದು ಹಾಕಿದ್ರೂ ಪ್ರಯೋಜನ ಇಲ್ಲ, ಮೊದಲು ಅದನ್ನ ಪಾಲಿಶ್ ಮಾಡ್ಸಿ. ಲೈಟ್‌ನ ಲೆವೆಲ್ ಸರಿ ಇದ್ಯಾ ನೋಡ್ಸಿ. ಡಿಕ್ಕಿಯಲ್ಲಿ ಭಾರ ಹಾಕಿದ್ರೆ ಗಾಡಿಯ ಮೂತಿ ಮೇಲೇಳುತ್ತೆ, ಲೈಟ್ ಎದುರಿನವರ ಕಣ್ಣಿಗೆ ಹೊಡಿಯುತ್ತೆ, ನಿಮಗೆ ರೋಡ್ ಕಾಣಲ್ಲ. ಡ್ಯಾಶ್‌ಬೋರ್ಡ್ ಲೈಟು, ದೊಡ್ಡ ಸ್ಕ್ರೀನು, ಮೊಬೈಲ್ ಮ್ಯಾಪು ಎಲ್ಲದರ ಬ್ರೈಟ್‌ನೆಸ್ ಕಮ್ಮಿ ಮಾಡಿ. ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋಕೆ ಹತ್ತಾರು ನಿಮಿಷ ಬೇಕು, ಅದನ್ನ ಕೆಡಿಸೋಕೆ ಒಂದು ಸಲ ಮೊಬೈಲ್ ನೋಡಿದ್ರೆ ಸಾಕು.

ಮಿಕ್ಕಿದ್ದು ಬೇಗ ಹೇಳ್ತೀನಿ: ಟೈರ್‌ನಲ್ಲಿ ಗ್ರಿಪ್ ಮತ್ತು ಸರಿಯಾದ ಗಾಳಿ, ಕೆಲಸ ಮಾಡೋ ಹಾರ್ನ್, ಒಂದು ಒಳ್ಳೆ ಟಾರ್ಚ್, ಹೊಳೆಯೋ ತ್ರಿಕೋನ, ಹೊಳೆಯೋ ಜಾಕೆಟ್ (ಡಿಕ್ಕಿಯಲ್ಲಲ್ಲ, ಸೀಟ್ ಹತ್ರ). ಹಿಂದಿನ ಸೀಟಿನೋರೂ ಬೆಲ್ಟ್ ಹಾಕ್ಲೇಬೇಕು. ಸೀಟಿನ ಮೇಲೆ ಭಾರದ ಸಾಮಾನು ಸಡಿಲವಾಗಿ ಇಡ್ಬೇಡಿ, ಜೋರಾಗಿ ಬ್ರೇಕ್ ಹೊಡೆದಾಗ ಅದು ನೇರ ನಿಮ್ಮ ತಲೆಗೇ ಬರೋದು. ಬ್ರೇಕ್ ಹೊಡೆಯೋಕೆ ಎಷ್ಟೋ ಜನ ಹಿಂಜರಿಯೋದೂ ಇದಕ್ಕೇ, ಹಿಂದೆ ಮಗು ಬೆಲ್ಟ್ ಇಲ್ದೆ ಮಲಗಿದೆ ಅನ್ನೋದು ತಲೆಯಲ್ಲಿ ಇರುತ್ತೆ.

ಬಂಪರ್‌ಗೆ ಅಂಟಿಸೋ ಪ್ರಾಣಿ ಓಡಿಸೋ ಸೀಟಿ ಮಾರ್ತಾರೆ, ಅದನ್ನ ಟೂಲ್ ಅಂತ ಲೆಕ್ಕಕ್ಕೆ ತಗೋಬೇಡಿ. ಹೊಸ ಗಾಡಿಗಳ ಆಟೋಮ್ಯಾಟಿಕ್ ಬ್ರೇಕ್ ಕೂಡ ಮುಖ್ಯವಾಗಿ ಗಾಡಿ ಮತ್ತು ಮನುಷ್ಯರನ್ನ ಗುರುತಿಸೋಕೆ ಮಾಡಿರೋದು, ಕತ್ತಲೆಯಲ್ಲಿ ಪಕ್ಕದಿಂದ ನೆಗೆಯೋ ಜಿಂಕೆಗೆ ಅದು ನಿಲ್ಲುತ್ತೆ ಅಂತ ನಂಬ್ಕೊಂಡು ಓಡಿಸೋ ಹಾಗಿಲ್ಲ.

ಹಂತ 2: ಪೂರ್ತಿ ಬ್ರೇಕ್ ಒತ್ತಿ ಅಭ್ಯಾಸ ಮಾಡಿ

ಇದನ್ನ ಬಹಳ ಜನ ಮಾಡೇ ಇರಲ್ಲ, ಎಲ್ಲಾ ತಪ್ಪಿನ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಗಾಡಿ ಓಡಿಸಿದೋರೂ ಬ್ರೇಕ್ ಪೆಡಲ್‌ನ ಪೂರ್ತಿ ಕೊನೆವರೆಗೆ ತುಳಿದಿರಲ್ಲ. ಹಾಗಾಗಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಕಾಲಿಗೆ ಗೊತ್ತಿಲ್ಲ, ಬ್ರೇಕ್ ಮೇಲೆ ನಂಬಿಕೆ ಇಲ್ಲ, ನಂಬಿಕೆ ಇಲ್ದೇ ಇರೋದ್ರಿಂದ ಕೈ ಸ್ಟಿಯರಿಂಗ್ ಎಳೆಯುತ್ತೆ.

ಹಗಲು ಹೊತ್ತು, ಯಾರೂ ಇಲ್ದೇ ಇರೋ ಅಗಲವಾದ ಒಣ ಜಾಗ ಹುಡುಕಿ. ಮೊದಲು 20, ಆಮೇಲೆ 40 ಕಿಲೋಮೀಟರ್ ಸ್ಪೀಡ್. ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು ಪೆಡಲ್‌ನ ಒಂದೇ ಏಟಿಗೆ ಪೂರ್ತಿ ತುಳಿರಿ, ಗಾಡಿ ನಿಲ್ಲೋವರೆಗೂ ಬಿಡ್ಬೇಡಿ. ಎಬಿಎಸ್ (ಜೋರು ಬ್ರೇಕ್‌ನಲ್ಲಿ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇದ್ರೆ ಪೆಡಲ್ ಕಾಲಡಿಯಲ್ಲಿ ಗಡಗಡ ಅಂತ ನಡುಗುತ್ತೆ, ಶಬ್ದ ಬರುತ್ತೆ. ಗಾಡಿಗೆ ಏನೋ ಆಯ್ತು ಅಂತ ಹೆದರಿ ಕಾಲು ತೆಗೆಯೋರೇ ಜಾಸ್ತಿ. ಅದು ಕೆಲಸ ಮಾಡೋ ರೀತಿಯೇ ಹಾಗೆ, ಒತ್ತೇ ಇರಿ. ಎಬಿಎಸ್ ಇಲ್ದೇ ಇರೋ ಗಾಡಿಯಲ್ಲಿ ಚಕ್ರ ಲಾಕ್ ಆಗಿ ಜಾರೋಕೆ ಶುರು ಆದ್ರೆ ಒಂದು ಚೂರು ಸಡಿಲಿಸಿ ಮತ್ತೆ ಒತ್ಬೇಕು, ಚಕ್ರ ಲಾಕ್ ಆಗಿದ್ದಾಗ ಸ್ಟಿಯರಿಂಗ್ ತಿರುಗಿಸಿದ್ರೂ ಗಾಡಿ ತಿರುಗಲ್ಲ.

ನಾಲ್ಕೈದು ಸಲ ಮಾಡಿದ್ರೆ ಸಾಕು. ಪ್ರತಿ ಸಲ ಸ್ಟಿಯರಿಂಗ್ ನೇರ ಹಿಡಿದಿರೋದೇ ಗುರಿ.

ಹಂತ 3: ಲೈಟ್ ಎಷ್ಟು ದೂರ ಬೀಳುತ್ತೋ ಅಷ್ಟಕ್ಕೆ ಸ್ಪೀಡ್

ಬೋರ್ಡ್‌ನಲ್ಲಿ 80 ಅಂತ ಇದ್ರೆ 80ರಲ್ಲಿ ಹೋಗ್ಬಹುದು ಅಂತಲ್ಲ. ಕಂಡ ಜಾಗದ ಒಳಗೆ ನಿಲ್ಲಿಸೋಕೆ ಆಗ್ಬೇಕು, ಅಷ್ಟೇ ಲೆಕ್ಕ.

ಲೋ ಬೀಮ್‌ನಲ್ಲಿ ಮೈ ಕಪ್ಪಗಿರೋ ಪ್ರಾಣಿ ಕಾಣೋದು ಸುಮಾರು 40-50 ಮೀಟರ್ ದೂರದಲ್ಲಿ. ಹೈ ಬೀಮ್‌ನಲ್ಲಿ 100 ದಾಟಬಹುದು. ಈಗ ನಿಲ್ಲೋ ದೂರ ನೋಡಿ. ಕಣ್ಣು ಕಂಡು ಕಾಲು ಬ್ರೇಕ್ ಮೇಲೆ ಬರೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ, ರೋಡ್ ಒಣಗಿದೆ, ಟೈರ್ ಚೆನ್ನಾಗಿದೆ. 40ರಲ್ಲಿ ಒಟ್ಟು ಸುಮಾರು 25 ಮೀಟರ್ ಬೇಕು. 60ರಲ್ಲಿ 45. 80ರಲ್ಲಿ 68. 100ರಲ್ಲಿ ಹತ್ರ ಹತ್ರ 97. ರೋಡ್ ಒದ್ದೆ ಇದ್ರೆ ಇನ್ನೂ ಜಾಸ್ತಿ, 80ರಲ್ಲೇ 85-90 ಮೀಟರ್ ಆಗುತ್ತೆ.

ಅಂದ್ರೆ ಲೋ ಬೀಮ್ ಹಾಕ್ಕೊಂಡು 80ರಲ್ಲಿ ಹೋಗೋರು ಪ್ರಾಣಿ ಕಂಡ ಮೇಲೆ ನಿಲ್ಲಿಸೋಕೆ ಆಗೋದೇ ಇಲ್ಲ, ಎಷ್ಟೇ ಚುರುಕಾಗಿದ್ರೂ. ಇನ್ನೊಂದು ಲೆಕ್ಕ ಹೇಳ್ತೀನಿ, ಇದನ್ನ ಮರೀಬೇಡಿ: 60ರಲ್ಲಿ ಬಂದ ಗಾಡಿ ಪೂರ್ತಿ ನಿಂತಿರೋ ಆ 45ನೇ ಮೀಟರ್‌ನಲ್ಲಿ, 80ರಲ್ಲಿ ಬಂದ ಗಾಡಿ ಅಷ್ಟೇ ಜೋರಾಗಿ ಬ್ರೇಕ್ ಹಿಡಿದಿದ್ರೂ ಇನ್ನೂ 65ರ ಸ್ಪೀಡ್‌ನಲ್ಲಿ ಇರುತ್ತೆ. ಬರೀ 20 ಕಿಲೋಮೀಟರ್ ವ್ಯತ್ಯಾಸ, ಒಬ್ಬರಿಗೆ "ಸ್ವಲ್ಪದರಲ್ಲಿ ತಪ್ಪಿತು", ಇನ್ನೊಬ್ಬರಿಗೆ ಆಸ್ಪತ್ರೆ.

ಹೀಗಾಗಿ ಎದುರು ಯಾರೂ ಇಲ್ದಾಗ ಹೈ ಬೀಮ್, ಎದುರು ಗಾಡಿ ಬಂದಾಗ ಲೋ ಬೀಮ್, ಮತ್ತು ಲೋ ಬೀಮ್‌ಗೆ ಬಂದ ಪ್ರತಿ ಸಲ ಕಾಲು ಆಕ್ಸಿಲರೇಟರ್ ಮೇಲಿಂದ ಎದ್ದು ಸ್ಪೀಡ್ ಇಳೀಬೇಕು. ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡ್ಕೊಳ್ಳಿ. ಎದುರಿನ ಗಾಡಿ ಪಾಸ್ ಆದ ಮೇಲೆ ಕಣ್ಣಿಗೆ ಒಂದೆರಡು ಸೆಕೆಂಡ್ ಏನೂ ಕಾಣಲ್ಲ, ತಕ್ಷಣ ಸ್ಪೀಡ್ ಏರಿಸ್ಬೇಡಿ. ಫಾಗ್ ಲ್ಯಾಂಪ್ ಸುಮ್ಮನೆ ಹಾಕ್ಕೊಂಡು ಹೋಗೋದೂ ತಪ್ಪು, ಮೂತಿ ಹತ್ರ ತುಂಬ ಬೆಳಕಾದ್ರೆ ದೂರದ್ದು ಇನ್ನೂ ಕಪ್ಪಗೆ ಕಾಣುತ್ತೆ.

ಇನ್ನು ಕಣ್ಣು ಎಲ್ಲಿರ್ಬೇಕು

ರೋಡ್ ಮಧ್ಯ ನೋಡ್ತಾ ಹೋಗೋರಿಗೆ ಪ್ರಾಣಿ "ದಿಢೀರ್ ಅಂತ" ಬರುತ್ತೆ. ಎರಡೂ ಅಂಚು ನೋಡ್ತಾ ಹೋಗೋರಿಗೆ ಅದು ಮೊದಲೇ ಅಲ್ಲಿ ನಿಂತಿರೋದು ಗೊತ್ತಾಗುತ್ತೆ. ಒಂದು ಅಂಚು, ರೋಡ್, ಇನ್ನೊಂದು ಅಂಚು, ಕನ್ನಡಿ, ಹೀಗೆ ಕಣ್ಣು ತಿರುಗ್ತಾನೇ ಇರ್ಲಿ. ಪಕ್ಕದ ಸೀಟಿನೋರಿಗೆ ಒಂದು ಅಂಚು ವಹಿಸಿಬಿಡಿ, ಆದ್ರೆ ಅವರು ಕಿರುಚೋ ಹಾಗಿಲ್ಲ, "ಮುಂದೆ, ಎಡಕ್ಕೆ" ಅಂತ ಜಾಗ ಮಾತ್ರ ಹೇಳ್ಬೇಕು.

ಎಚ್ಚರಿಕೆಯ ಗುರುತುಗಳು ಇವು:

ಹೊಳೆಯೋ ಕಣ್ಣು. ಜಿಂಕೆ, ಕಡವೆ, ನರಿ, ಚಿರತೆ ಇಂಥವುಗಳ ಕಣ್ಣಿನ ಹಿಂದೆ ಬೆಳಕು ವಾಪಸ್ ಕೊಡೋ ಒಂದು ಪದರ ಇರುತ್ತೆ, ಹಾಗಾಗಿ ಮೈ ಕಾಣೋಕೆ ಬಹಳ ಮುಂಚೆ ಎರಡು ಚುಕ್ಕಿ ಹೊಳೆಯುತ್ತೆ. ಆದ್ರೆ ಕಾಡುಹಂದಿಗೆ ಈ ಪದರ ಇಲ್ಲ. ಕಣ್ಣು ಹೊಳೆಯಲ್ಲ, ಮೈ ಕಪ್ಪು, ಎತ್ತರ ಕಮ್ಮಿ, ಟಾರ್ ರೋಡ್ ಬಣ್ಣಕ್ಕೆ ಸೇರ್ಕೊಂಡುಬಿಡುತ್ತೆ. ಕಣ್ಣು ಹೊಳೀಲಿಲ್ಲ ಅಂದ್ರೆ ಪ್ರಾಣಿ ಇಲ್ಲ ಅಂತ ಅಂದ್ಕೊಂಡೋರು ಹಂದಿಗೆ ಹೊಡೀತಾರೆ. ತುಂಬ ಎತ್ತರದ ಪ್ರಾಣಿಯದ್ದು ಇನ್ನೊಂದು ಕಷ್ಟ, ಲೋ ಬೀಮ್ ಅದರ ಕಾಲಿಗೆ ಮಾತ್ರ ಬೀಳುತ್ತೆ, ಕಣ್ಣು ಬೆಳಕಿನ ಮೇಲೆ ಇರುತ್ತೆ. ನಾಲ್ಕು ಕಂಬದ ಥರ ಏನೋ ಕಂಡ್ರೆ ನಿಧಾನ ಮಾಡಿ.

ಮಿನುಗಿ ಮಾಯ ಆಗೋ ಬೆಳಕು. ಎದುರಿನ ಗಾಡಿಯ ಲೈಟು, ಮುಂದಿನ ಗಾಡಿಯ ಹಿಂದಿನ ಕೆಂಪು ಲೈಟು ಅಥವಾ ಅಂಚಿನ ರಿಫ್ಲೆಕ್ಟರ್ ಒಂದು ಕ್ಷಣ ಮರೆಯಾಗಿ ಮತ್ತೆ ಬಂದ್ರೆ, ಮಧ್ಯದಲ್ಲಿ ಏನೋ ದಾಟಿದೆ ಅಂತ ಅರ್ಥ. ಇದು ತುಂಬ ಉಪಯೋಗ ಆಗೋ ಗುರುತು, ಯಾಕೋ ಜಾಸ್ತಿ ಜನ ಹೇಳೋದೇ ಇಲ್ಲ.

ಜಾಗ ಮತ್ತು ಹೊತ್ತು. ಕಾಡು ಮುಗಿದು ಹೊಲ ಶುರು ಆಗೋ ಗಡಿ, ಹಳ್ಳ ದಾಟೋ ಮೋರಿ, ರೋಡ್ ಅಂಚಲ್ಲಿ ಹೊಸ ಹುಲ್ಲು ಚಿಗುರಿರೋ ಜಾಗ, ಪೊದೆ ಟಾರ್‌ವರೆಗೂ ಬಂದಿರೋ ತಿರುವು. ಬೆಳಗಿನ ಜಾವ ಮತ್ತು ಮುಸ್ಸಂಜೆ ಎಲ್ಲದಕ್ಕಿಂತ ಕೆಟ್ಟ ಹೊತ್ತು, ಪ್ರಾಣಿ ಓಡಾಡೋದೂ ಆಗಲೇ, ನಮ್ಮ ಕಣ್ಣು ಅರೆಬರೆ ಕಾಣೋದೂ ಆಗಲೇ. ಪ್ರಾಣಿ ದಾಟೋ ಬೋರ್ಡ್ ಇದ್ರೆ ಅದನ್ನ ನಂಬಿ. ಎದುರಿನವರು ಲೈಟ್ ಮಿನುಗಿಸಿದ್ರೆ ಪೊಲೀಸ್ ಇದ್ದಾರೆ ಅಂತ ಅಂದ್ಕೊಳ್ಳೋ ಬದಲು ಪ್ರಾಣಿ ಇದೆ ಅಂತ ಅಂದ್ಕೊಳ್ಳಿ.

ಹಂತ 4: ಕಂಡ ಕ್ಷಣ

ಆರ್ಡರ್ ಇದು. ಬಾಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡ್ಕೊಳ್ಳಿ: ಬ್ರೇಕ್, ನೇರ, ಡಿಪ್, ಹಾರ್ನ್.

1. ಬ್ರೇಕ್. ಪ್ರಾಣಿ ರೋಡ್ ಮೇಲೇ ಇದ್ರೆ ಪೂರ್ತಿ. ಅಂಚಲ್ಲಿ ನಿಂತಿದ್ರೆ ಕೂಡ ಕಾಲು ಬ್ರೇಕ್ ಮೇಲೆ ಬಂದು ಸ್ಪೀಡ್ ಗಣನೀಯವಾಗಿ ಇಳೀಬೇಕು, "ನಿಂತಿದೆಯಲ್ಲ, ಹೋಗಿಬಿಡೋಣ" ಅನ್ನೋದೇ ದೊಡ್ಡ ತಪ್ಪು. ಗಾಡಿ ತೀರ ಹತ್ರ ಬಂದಾಗಲೇ ಜಿಂಕೆ ಗಾಬರಿಯಾಗಿ ನೆಗೆಯೋದು, ಎಷ್ಟೋ ಸಲ ಗಾಡಿ ಕಡೆಗೇ. ಕ್ಲಚ್ ಆಮೇಲೆ ನೋಡ್ಕೊಳ್ಳಿ, ಇಂಜಿನ್ ಆಫ್ ಆದ್ರೆ ಆಗ್ಲಿ.

2. ಸ್ಟಿಯರಿಂಗ್ ನೇರ. ಟೈರ್‌ಗೆ ಇರೋ ಹಿಡಿತ ಇಷ್ಟೇ ಅಂತ ಒಂದು ಮಿತಿ ಇದೆ, ಬ್ರೇಕ್ ಮತ್ತು ತಿರುವು ಎರಡೂ ಅದನ್ನೇ ಹಂಚ್ಕೊಳ್ಳುತ್ತೆ. ಪೂರ್ತಿ ಬ್ರೇಕ್ ಹಿಡಿದು ಜೋರಾಗಿ ತಿರುಗಿಸಿದ್ರೆ ಎರಡೂ ಅರ್ಧಂಬರ್ಧ ಆಗುತ್ತೆ, ಎತ್ತರದ ಗಾಡಿ ಆದ್ರೆ ಪಲ್ಟಿ ಹೊಡೆಯುತ್ತೆ. ಜೊತೆಗೆ ನೀವು ತಪ್ಪಿಸೋಕೆ ಹೋದ ದಿಕ್ಕಿಗೇ ಪ್ರಾಣಿಯೂ ಓಡಬಹುದು. ಮರ, ಹಳ್ಳ, ಎದುರಿನ ಲಾರಿ, ಇವು ಯಾವುದೂ ಜಿಂಕೆಗಿಂತ ಮೆತ್ತಗಿಲ್ಲ. ನಿಮ್ಮ ಲೇನ್ ಒಳಗೇ ಸ್ವಲ್ಪ ಸರಿಯೋಕೆ ಜಾಗ ಇದ್ದು ಸ್ಪೀಡ್ ಆಗಲೇ ಇಳಿದಿದ್ರೆ ಸರಿಯಿರಿ, ಅದು ಬೇರೆ. ಲೇನ್ ಬಿಟ್ಟು ಹೋಗ್ಬೇಡಿ.

3. ಡಿಪ್. ಹೈ ಬೀಮ್ ಇದ್ರೆ ಲೋ ಮಾಡಿ. ಕಣ್ಣು ಕುಕ್ಕಿದ ಪ್ರಾಣಿಗೆ ದಾರಿ ಕಾಣದೆ ಅಲ್ಲೇ ಸ್ತಬ್ಧವಾಗಿ ನಿಂತುಬಿಡುತ್ತೆ, ಲೈಟ್ ಇಳಿದ್ರೆ ಓಡೋಕೆ ಅವಕಾಶ ಸಿಗುತ್ತೆ.

4. ಹಾರ್ನ್. ಬ್ರೇಕ್ ಹಿಡಿದ ಮೇಲೆ, ಒಂದೆರಡು ಸಲ. ಹಾರ್ನ್ ಬ್ರೇಕ್‌ನ ಬದಲಿ ಅಲ್ಲ. ಹಾರ್ನ್ ಹೊಡೀತಾ ಅದೇ ಸ್ಪೀಡ್‌ನಲ್ಲಿ ನುಗ್ಗೋದು ತುಂಬ ಕಾಮನ್ ತಪ್ಪು. ಆನೆಗೆ ಮಾತ್ರ ಹಾರ್ನ್ ಬೇಡವೇ ಬೇಡ, ಅದರ ವಿಷಯ ಮುಂದೆ ಇದೆ.

ಎರಡು ವಿನಾಯಿತಿ ಇದೆ. ಮೊಲ, ಮುಂಗುಸಿ ಥರ ಚಿಕ್ಕ ಪ್ರಾಣಿ ಬಂದು, ಹಿಂದೆ ಲಾರಿ ಅಂಟ್ಕೊಂಡು ಬರ್ತಿದ್ರೆ ಪೂರ್ತಿ ಬ್ರೇಕ್ ಹೊಡೀಬೇಡಿ. ಸಂಕಟ ಆಗುತ್ತೆ, ಗೊತ್ತು, ಆದ್ರೂ ಎಷ್ಟು ಸೇಫ್ ಆಗಿ ನಿಧಾನ ಮಾಡೋಕೆ ಆಗುತ್ತೋ ಅಷ್ಟು ಮಾತ್ರ. ಕನ್ನಡಿ ನೋಡೋ ಅಭ್ಯಾಸ ಮೊದಲಿಂದ ಇದ್ರೆ ಆ ಹೊತ್ತಲ್ಲಿ ಹಿಂದೆ ಯಾರಿದ್ದಾರೆ ಅಂತ ಗೊತ್ತೇ ಇರುತ್ತೆ, ಆಗ ತಿರುಗಿ ನೋಡ್ತಾ ಕೂರೋಕೆ ಆಗಲ್ಲ.

ಇನ್ನೊಂದು, ಕುದುರೆ ಎತ್ತರದ ಅಥವಾ ಅದಕ್ಕಿಂತ ದೊಡ್ಡ ಉದ್ದ ಕಾಲಿನ ಪ್ರಾಣಿ. ಉತ್ತರದ ದೇಶಗಳ ಮೂಸ್ ಇದಕ್ಕೆ ಸರಿಯಾದ ಉದಾಹರಣೆ. ಬಂಪರ್ ಕಾಲಿಗೆ ಹೊಡೆಯುತ್ತೆ, ಭಾರದ ಮೈ ನೇರ ಗಾಜಿನ ಮೇಲೆ ಬರುತ್ತೆ. ಡಿಕ್ಕಿ ತಪ್ಪಲ್ಲ ಅಂತ ಖಚಿತ ಆದ್ರೆ ಬ್ರೇಕ್ ಹಿಡಿದೇ ಅದರ ಹಿಂಭಾಗದ ಕಡೆಗೆ, ಅಂದ್ರೆ ಅದು ಬಂದ ದಿಕ್ಕಿಗೆ ಗಾಡಿ ತಿರುಗ್ಬೇಕು, ಮತ್ತು ತಲೆ ತಗ್ಗಿಸ್ಬೇಕು. ಇದು ಕೊನೆಯ ಆಯ್ಕೆ ಮಾತ್ರ.

ಹಂತ 5: ಒಂದು ದಾಟಿತು ಅಂದ್ರೆ ಮುಗೀಲಿಲ್ಲ

ನನ್ನ ಪ್ರಕಾರ ಜಾಸ್ತಿ ಡಿಕ್ಕಿ ಆಗೋದು ಇಲ್ಲಿ. ಮೊದಲನೇ ಜಿಂಕೆ ದಾಟಿ ಕತ್ತಲಲ್ಲಿ ಮರೆಯಾಗುತ್ತೆ, ಅಬ್ಬಾ ಅಂತ ಉಸಿರು ಬಿಟ್ಟು ಕಾಲು ಮತ್ತೆ ಆಕ್ಸಿಲರೇಟರ್ ಮೇಲೆ ಹೋಗುತ್ತೆ, ಕಣ್ಣು ಆ ದಾಟಿ ಹೋದ ಜಿಂಕೆಯ ಹಿಂದೆನೇ ಇರುತ್ತೆ, ಎರಡನೇದು ಇನ್ನೊಂದು ಕಡೆಯಿಂದ ನೆಗೆಯುತ್ತೆ.

ಜಿಂಕೆ, ಹಂದಿ, ಕಾಟಿ, ಆನೆ ಎಲ್ಲಾ ಗುಂಪಿನ ಪ್ರಾಣಿಗಳು. ತಾಯಿ ಹಿಂದೆ ಮರಿ ಬರುತ್ತೆ, ಮರಿಗೆ ಗಾಡಿ ಅಂದ್ರೆ ಏನಂತ ಗೊತ್ತಿಲ್ಲ, ತಾಯಿ ಹಿಂದೆ ಹೋಗೋದೊಂದೇ ಗೊತ್ತು. ಹಾಗಾಗಿ ಪ್ರಾಣಿ ಹೋದ ಕಡೆ ನೋಡ್ಬೇಡಿ, ಅದು ಬಂದ ಕಡೆ ನೋಡಿ. ಹಜಾರ್ಡ್ ಲೈಟ್ ಹಾಕಿ, ಪೊದೆ ಅಲುಗಾಡೋದು ನಿಲ್ಲೋವರೆಗೆ ಕಾಯಿರಿ, ಆಮೇಲೂ ಮೊದಲ ಗೇರ್‌ನಲ್ಲಿ ನಡಿಗೆ ಸ್ಪೀಡ್‌ನಲ್ಲಿ ದಾಟಿ. ಗುಂಪಿನ ಮಧ್ಯ ಗಾಡಿ ನುಗ್ಗಿಸಿ ಮರಿಯನ್ನ ತಾಯಿಯಿಂದ ಬೇರೆ ಮಾಡೋದು ಎಲ್ಲದಕ್ಕಿಂತ ಅಪಾಯ. ದಾಟಿದ್ದು ಹೆದರಿ ವಾಪಸ್ ಬರೋದೂ ಉಂಟು.

ಆನೆ ಇದ್ರೆ

ಇಲ್ಲಿ ಮೇಲಿನ ನಿಯಮ ಬದಲಾಗುತ್ತೆ. ಆನೆ ದೂರದಲ್ಲಿ ಕಂಡಾಗಲೇ ನಿಲ್ಲಿಸಿ, ಹತ್ರ ಹೋಗಿ ನಿಲ್ಲಿಸೋದಲ್ಲ. ಹಾರ್ನ್ ಇಲ್ಲ, ಲೈಟ್ ಮಿನುಗಿಸೋದಿಲ್ಲ, ಇಂಜಿನ್ ರೇಸ್ ಮಾಡೋದಿಲ್ಲ, ಯಾರೂ ಕೆಳಗೆ ಇಳಿಯೋ ಹಾಗಿಲ್ಲ, ಫೋಟೋಗೆ ಫ್ಲ್ಯಾಶ್ ಅಂತೂ ಕನಸಲ್ಲೂ ಬೇಡ. ಹಿಂದಿನ ಗಾಡಿಗಳು ಅಂಟ್ಕೊಂಡು ನಿಂತ್ರೆ ರಿವರ್ಸ್ ಹೋಗೋಕೆ ಜಾಗ ಇರಲ್ಲ, ಅದಕ್ಕೇ ಮುಂದಿನ ಗಾಡಿಗೂ ನಿಮಗೂ ಮಧ್ಯ ಧಾರಾಳ ಜಾಗ ಬಿಡಿ.

ಕಿವಿ ಅಗಲಿಸಿ ನಿಮ್ಮ ಕಡೆ ತಿರುಗಿ ನಿಲ್ಲೋದು, ತಲೆ ಒದರೋದು, ಮಣ್ಣು ಎರಚೋದು, ಘೀಳಿಡೋದು, ಒಂದೆರಡು ಹೆಜ್ಜೆ ಮುಂದೆ ಬಂದು ನಿಲ್ಲೋದು, ಇವೆಲ್ಲ "ದೂರ ಹೋಗು" ಅನ್ನೋ ಮಾತು. ಗಂಡಾನೆಯ ಕಣ್ಣು ಮತ್ತು ಕಿವಿ ಮಧ್ಯೆ ದ್ರವ ಸೋರಿ ಕಪ್ಪು ಗೆರೆ ಕಂಡ್ರೆ ಮದ ಬಂದಿದೆ ಅಂತ, ಇನ್ನೂ ಜಾಸ್ತಿ ದೂರ ಬೇಕು. ಸುಮ್ಮನೆ ಹೆದರಿಸ್ತಿದೆಯೋ ನಿಜವಾಗ್ಲೂ ಬರ್ತಿದೆಯೋ ಅಂತ ಗಾಡಿಯಲ್ಲಿ ಕೂತು ಲೆಕ್ಕ ಹಾಕ್ಬೇಡಿ, ಮೊದಲ ಗುರುತಿಗೇ ನಿಧಾನವಾಗಿ ನೇರವಾಗಿ ಹಿಂದೆ ಹೋಗಿ. ಪಕ್ಕದಲ್ಲಿ ತೂರ್ಕೊಂಡು ಹೋಗೋ ಸಾಹಸ ಬೇಡ.

ಬೈಕ್‌ನೋರಿಗೆ

ಕಾರ್‌ನಲ್ಲಿ ಹಂದಿಗೆ ತಾಗಿದ್ರೆ ಬಂಪರ್ ಹೋಗುತ್ತೆ, ಬೈಕ್‌ನಲ್ಲಿ ಮುಳ್ಳುಹಂದಿಗೆ ತಾಗಿದ್ರೂ ನೀವು ಬೀಳ್ತೀರ. ಹಾಗಾಗಿ ರಾತ್ರಿ ಕಾಡಿನ ರೋಡ್ ಬೈಕ್‌ನಲ್ಲಿ ಬೇಡ ಅಂತಲೇ ನಾನು ಹೇಳೋದು. ಹೋಗ್ಲೇಬೇಕು ಅಂದ್ರೆ ಎರಡೂ ಬ್ರೇಕ್ ಮೇಲೆ ಬೆರಳು ಮತ್ತು ಕಾಲು ರೆಡಿ ಇರ್ಲಿ, ಮುಂದಿನ ಬ್ರೇಕ್ ಹಿಂಡುತ್ತಾ ಒತ್ತಡವನ್ನ ಏರಿಸಿ, ಒಂದೇ ಸಲ ಕಚ್ಚಿಸ್ಬೇಡಿ. ತಿರುವಲ್ಲಿ ವಾಲಿದ್ದಾಗ ಪ್ರಾಣಿ ಕಂಡ್ರೆ ಮೊದಲು ಬೈಕ್ ನೆಟ್ಟಗೆ ಮಾಡಿ ಆಮೇಲೆ ಜೋರು ಬ್ರೇಕ್. ಕಣ್ಣು ಪ್ರಾಣಿ ಮೇಲೆ ನೆಟ್ರೆ ಬೈಕೂ ಅಲ್ಲಿಗೇ ಹೋಗುತ್ತೆ, ಖಾಲಿ ಜಾಗ ನೋಡಿ. ಗುಂಪಲ್ಲಿ ಹೋಗೋರು ಸಾಲಾಗಿ ದೂರ ದೂರ ಹೋಗಿ, ಮುಂದಿನವ ಬ್ರೇಕ್ ಹಿಡಿದ್ರೆ ಹಿಂದಿನವನಿಗೆ ನಿಲ್ಲೋಕೆ ಜಾಗ ಇರ್ಬೇಕು.

ಹಂತ 6: ತಪ್ಪಿದ ಮೇಲೆ

ಕೈ ನಡುಗ್ತಿರುತ್ತೆ, ಎದೆ ಹೊಡ್ಕೊಳ್ತಿರುತ್ತೆ. ತಿರುವಲ್ಲಿ ಅಥವಾ ರೋಡ್ ಮಧ್ಯ ನಿಲ್ಲಿಸ್ಕೊಂಡು ಚರ್ಚೆ ಮಾಡ್ಬೇಡಿ, ಹಿಂದಿನಿಂದ ಬರೋರಿಗೆ ನೀವೇ ಅಡ್ಡ ಬಂದ ಪ್ರಾಣಿ ಆಗ್ತೀರ. ನಿಧಾನವಾಗಿ ಮುಂದೆ ಹೋಗಿ ನೇರ ರೋಡ್ ಇರೋ, ಎರಡೂ ಕಡೆಯಿಂದ ಕಾಣೋ ಜಾಗದಲ್ಲಿ ಅಂಚಿಗೆ ನಿಲ್ಲಿಸಿ. ಆನೆ, ಹುಲಿ ಓಡಾಡೋ ಕಾಡಿನ ಒಳಗೆ ಇದ್ರೆ ನಿಲ್ಲಿಸ್ಲೇಬೇಡಿ, ನಿಧಾನಕ್ಕೆ ಕಾಡು ದಾಟಿ ಜನ ಇರೋ ಕಡೆ ನಿಲ್ಲಿಸಿ. ನೀರು ಕುಡೀರಿ, ಸಾಧ್ಯ ಆದ್ರೆ ಡ್ರೈವರ್ ಬದಲಾಯಿಸಿ. ಮುಂದಿನ ದಾರಿಗೆ ಸ್ಪೀಡ್ 10-15 ಕಮ್ಮಿ ಇಟ್ಕೊಳ್ಳಿ.

ಆಮೇಲೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಪ್ರಾಣಿ ಎಷ್ಟು ದೂರದಲ್ಲಿ ಕಂಡಿತು, ಆಗ ಸ್ಪೀಡ್ ಎಷ್ಟಿತ್ತು. 3ನೇ ಹಂತದ ಲೆಕ್ಕದ ಪಕ್ಕ ಇಟ್ಟು ನೋಡಿ. ಬ್ರೇಕ್‌ನಿಂದ ತಪ್ಪಿತೋ, ಪ್ರಾಣಿಯೇ ಪಕ್ಕಕ್ಕೆ ಓಡಿದ್ದರಿಂದ ತಪ್ಪಿತೋ ಅನ್ನೋದು ಗೊತ್ತಾಗುತ್ತೆ. ಎರಡನೇದಾದ್ರೆ ನಿಮ್ಮ ಸ್ಪೀಡ್ ಜಾಸ್ತಿ ಇತ್ತು, ಅಷ್ಟೇ.

ಹಂತ 7: ತಾಗಿಬಿಟ್ರೆ

ಹಜಾರ್ಡ್ ಲೈಟ್, ಜಾಕೆಟ್, ಆಮೇಲೆ ಇಳಿಯೋದು. ತ್ರಿಕೋನವನ್ನ ಗಾಡಿಯಿಂದ ಸಾಕಷ್ಟು ಹಿಂದೆ ಇಡಿ, ತಿರುವು ಇದ್ರೆ ತಿರುವಿನ ಆಚೆಗೆ. ಜನಕ್ಕೆ ಪೆಟ್ಟಾಗಿದ್ಯಾ ಅಂತ ಮೊದಲು ನೋಡಿ, ಆಂಬ್ಯುಲೆನ್ಸ್ ಬೇಕಿದ್ರೆ ಆ ಫೋನೇ ಮೊದಲು.

ಗಾಯಗೊಂಡ ಪ್ರಾಣಿ ಹತ್ರ ಹೋಗ್ಬೇಡಿ, ಎತ್ತೋಕೆ, ನೀರು ಕುಡಿಸೋಕೆ ಹೋಗ್ಬೇಡಿ. ಬಿದ್ದಿರೋ ಜಿಂಕೆಯ ಕಾಲಿನ ಒದೆತ, ಹಂದಿಯ ಕೋರೆ ಎರಡೂ ಮನುಷ್ಯರಿಗೆ ದೊಡ್ಡ ಗಾಯ ಮಾಡುತ್ತೆ. ಮರಿ ಆಗಿದ್ರೆ ತಾಯಿ ಅಲ್ಲೇ ಎಲ್ಲೋ ಇರುತ್ತೆ. ಅರಣ್ಯ ಇಲಾಖೆಗೆ ಅಥವಾ ಪೊಲೀಸ್‌ಗೆ ಫೋನ್ ಮಾಡಿ ಜಾಗ ಸರಿಯಾಗಿ ಹೇಳಿ, ಕಿಲೋಮೀಟರ್ ಕಲ್ಲಿನ ನಂಬರ್ ಅಥವಾ ಮ್ಯಾಪ್ ಲೊಕೇಶನ್. ಪ್ರಾಣಿ ಓಡಿಹೋಗಿದ್ರೂ ಯಾವ ಕಡೆ ಹೋಯ್ತು ಅಂತ ಹೇಳಿ, ಗಾಯ ಆಗಿ ಒಳಗೆ ನರಳ್ತಾ ಇರಬಹುದು. ಸತ್ತಿದ್ರೆ ಅದನ್ನ ಗಾಡಿಗೆ ಹಾಕ್ಕೊಳ್ಳೋದಂತೂ ಬಹಳ ಕಡೆ ಅಪರಾಧ. ಹೆಣ ರೋಡ್ ಮೇಲೇ ಇದ್ರೆ ಅದನ್ನ ತಿನ್ನೋಕೆ ನರಿ, ಹದ್ದು ಬಂದು ಅವೂ ಗಾಡಿಗೆ ಸಿಗ್ತವೆ, ಹಾಗಾಗಿ ಆ ವಿಷಯವನ್ನೂ ಫೋನಲ್ಲೇ ಹೇಳಿಬಿಡಿ.

ಮತ್ತೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಟಾರ್ಚ್ ಹಾಕಿ ಇಷ್ಟು ನೋಡಿ: ಕೆಳಗೆ ನೀರು ಅಥವಾ ಎಣ್ಣೆ ಸೋರ್ತಿದ್ಯಾ, ಬಗ್ಗಿದ ತಗಡು ಟೈರ್‌ಗೆ ಉಜ್ಜುತ್ತಾ, ಬಾನೆಟ್ ಲಾಕ್ ಗಟ್ಟಿಯಾಗಿ ಕೂತಿದ್ಯಾ, ಹೆಡ್‌ಲೈಟ್ ಎರಡೂ ಉರಿಯುತ್ತಾ. ರೇಡಿಯೇಟರ್ ಒಡೆದಿದ್ರೆ ಒಂದೆರಡು ಕಿಲೋಮೀಟರ್‌ನಲ್ಲೇ ಟೆಂಪರೇಚರ್ ಮುಳ್ಳು ಮೇಲೇರುತ್ತೆ, ಏರಿದ್ರೆ ಅಲ್ಲೇ ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಬಿಸಿ ಇರುವಾಗ ಮುಚ್ಚಳ ತೆಗೀಬೇಡಿ. ಒಂದೇ ಹೆಡ್‌ಲೈಟ್ ಉಳಿದಿದ್ರೆ ರಾತ್ರಿ ಅದರಲ್ಲಿ ಮುಂದೆ ಹೋಗೋದು ಬೇಡ, ಟೋ ಮಾಡ್ಸಿ ಅಥವಾ ಬೆಳಗಾಗೋವರೆಗೆ ಹತ್ರದ ಊರಲ್ಲಿ ಉಳ್ಕೊಳ್ಳಿ.